ಎಸ್‌ಡಿಎ ಇಂಟರ್ವ್ಯೂಗೆ ಏನ್ ಓದ್ಬೇಕು ಚಿಗವ್ವ?

ಮೊನ್ನೆ ಭಾನುವಾರ ಅಕ್ಕನ ಮಗಳು ಫೋನ್ ಮಾಡಿದ್ಲು. ಬಿಎ ಕೊನೇ ವರ್ಷದಲ್ಲಿದಾಳೆ, ಊರಲ್ಲೇ ಇದ್ಕೊಂಡು ದಿನಾ ಬಸ್ಸಲ್ಲಿ ಹಾವೇರಿಗೆ ಓಡಾಡ್ತಾಳೆ. "ಚಿಗವ್ವ, ಎಸ್‌ಡಿಎ ಇಂಟರ್ವ್ಯೂದಾಗ ಏನೇನ್ ಕೇಳ್ತಾರ? ಈಗಿಂದನ ತಯಾರಿ ಮಾಡ್ಕೊಂತೀನಿ" ಅಂದ್ಲು. ಎಸ್‌ಡಿಎ ಅಂದ್ರೆ ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕ, ಎಫ್‌ಡಿಎ ಅಂದ್ರೆ ಪ್ರಥಮ ದರ್ಜೆ ಸಹಾಯಕ, ಎರಡೂ ಗುಮಾಸ್ತ ಕೆಲಸ. ಎಸ್‌ಡಿಎಗೆ ಇಂಟರ್ವ್ಯೂನ ಇಲ್ಲವಾ, ಎಫ್‌ಡಿಎಗೂ ಇಲ್ಲ, ಬರೇ ಪರೀಕ್ಷೆ ಅಂಕದ ಮ್ಯಾಲೆ ಆಯ್ಕೆ ಅಂದೆ. "ಹಂಗಾರ ಪರೀಕ್ಷೆ ಚಲೋ ಬರದ್ರ ನೌಕರಿ ಬಂದಂಗ ಅಲ್ಲ?" ಅಂದ್ಲು. ಹೌದು ಅನ್ನೋಕೆ ನನ್ ಬಾಯಿ ಬರ್ಲಿಲ್ಲ. ಫೋನಲ್ಲಿ ಅರ್ಧ ಹೇಳಿದೆ, ಅವಳಿಗೆ ಊಟಕ್ಕೆ ಕರೆದ್ರು, ಇನ್ನರ್ಧ ಇಲ್ಲಿ ಬರೀತಿದೀನಿ, ಅವಳ ಥರ ಇನ್ನೂ ಎಷ್ಟೋ ಹುಡುಗೀರು ಇರ್ತಾರೆ ಅಂತ.

ಈ ಪರೀಕ್ಷೆಗಳಿಗೆ ಓದೋಕೆ ಅಂತ ನಾನು ಧಾರವಾಡಕ್ಕೆ ಹೋಗಿದ್ದು 2019ರಲ್ಲಿ. ಸಪ್ತಾಪುರದಲ್ಲಿ ಪಿಜಿ, ಒಂದ್ ರೂಮಿಗೆ ನಾಲ್ಕು ಜನ, ಬೆಳಿಗ್ಗೆ ಆರಕ್ಕೆ ಎದ್ದು ಲೈಬ್ರರಿಯಲ್ಲಿ ಸೀಟ್ ಹಿಡಿಯೋದು ರಾತ್ರಿ ಹತ್ತಕ್ಕೆ ವಾಪಸ್ ಬರೋದು. ಸಪ್ತಾಪುರ ನೋಡದೇ ಇರೋರಿಗೆ ಹೇಳ್ಬೇಕು ಅಂದ್ರೆ ಅಲ್ಲಿ ಜೆರಾಕ್ಸ್ ಅಂಗಡಿ, ಖಾನಾವಳಿ, ಕೋಚಿಂಗ್ ಬೋರ್ಡು ಇವು ಮೂರು ಬಿಟ್ಟು ಕಣ್ಣಿಗೆ ಬೇರೇನೂ ಬೀಳಲ್ಲ, ಇಡೀ ಉತ್ತರ ಕರ್ನಾಟಕದ ಬಡವರ ಮಕ್ಕಳೆಲ್ಲ ಅಲ್ಲೇ ಕೂತು ಓದ್ತಿದಾರೇನೋ ಅನ್ಸುತ್ತೆ. ಅಪ್ಪ ಬ್ಯಾಡಗಿ ಮಾರ್ಕೆಟ್‌ನಲ್ಲಿ ಹಮಾಲಿ. ತಿಂಗಳಿಗೆ ಇಷ್ಟು ಅಂತ ಲೆಕ್ಕ ಹಾಕಿ ಕಳಿಸ್ತಿದ್ರು, ಒಂದ್ ಸಲಾನೂ ಇನ್ನೆಷ್ಟು ದಿನ ಅಂತ ಕೇಳ್ಲಿಲ್ಲ, ಅವರು ಕೇಳದೇ ಇದ್ದಿದ್ದೇ ನನಗೆ ಜಾಸ್ತಿ ಭಾರ ಆಗ್ತಿತ್ತು.

2020ರ ಶುರುವಲ್ಲಿ ಎಫ್‌ಡಿಎ ಎಸ್‌ಡಿಎ ಎರಡಕ್ಕೂ ಅರ್ಜಿ ಕರೆದ್ರು. ಎಫ್‌ಡಿಎಗೆ ಡಿಗ್ರಿ ಬೇಕು, ಎಸ್‌ಡಿಎಗೆ ಪಿಯುಸಿ ಸಾಕು, ಆದ್ರೆ ಎಸ್‌ಡಿಎ ಬರೆಯೋರಲ್ಲೂ ಡಿಗ್ರಿ, ಎಂಎ, ಬಿಎಡ್ ಆದೋರೇ ತುಂಬಿರ್ತಾರೆ, ಪಿಯುಸಿ ಮಟ್ಟದ ಪರೀಕ್ಷೆ ಸುಲಭ ಇರುತ್ತೆ ಅಂತ ಯಾರೂ ತಿಳ್ಕೋಬೇಡಿ. ಆಮೇಲೆ ಕೊರೋನಾ ಬಂತು, ಊರಿಗೆ ಹೋದ್ವಿ, ವಾಪಸ್ ಬಂದ್ವಿ. ಕೊನೆಗೆ ಎಫ್‌ಡಿಎ 2021ರ ಜನವರಿ 24ಕ್ಕೆ ನಿಗದಿ ಆಯ್ತು. ಹಿಂದಿನ ದಿನ ಶನಿವಾರ ಹಾಲ್ ಟಿಕೆಟ್, ಎರಡು ಪೆನ್ನು, ಆಧಾರ್ ಎಲ್ಲಾ ಒಂದು ಕವರಲ್ಲಿ ಹಾಕಿ ದಿಂಬಿನ ಪಕ್ಕ ಇಟ್ಕೊಂಡು ಕೂತಿದೀನಿ, ರೂಮಿನ ಹುಡುಗಿ ಓಡ್ಬಂದು ಪ್ರಶ್ನೆಪತ್ರಿಕೆ ಲೀಕ್ ಆಗೇತಂತ, ನಾಳೆ ಪರೀಕ್ಷೆ ಇಲ್ಲ ಅಂದ್ಲು. ನಂಬಲಿಲ್ಲ. ಟಿವಿ ಇದ್ದ ಖಾನಾವಳಿಗೆ ಹೋಗಿ ನೋಡಿದ್ವಿ, ನಿಜ. ಅವತ್ತು ಖಾನಾವಳಿಯಲ್ಲಿ ಯಾರೂ ಜೋರಾಗಿ ಮಾತಾಡ್ಲಿಲ್ಲ. ನಮ್ಮ ಪಿಜಿಯವಳೇ ಒಬ್ಳು ಸೆಂಟರ್ ದೂರ ಬಿದ್ದಿದೆ ಅಂತ ಆರು ತಿಂಗಳ ಕೂಸನ್ನ ಅವ್ವನ ಹತ್ರ ಬಿಟ್ಟು ಬೆಳಿಗ್ಗೇನೇ ಬಸ್ ಹತ್ತಿದ್ಲು. ಆ ಪತ್ರಿಕೆ ಮಾರ್ಕೊಂಡೋರನ್ನ ಪೊಲೀಸ್ರು ಹಿಡಿದ್ರು, ಪೇಪರಲ್ಲಿ ಬಂತು, ಆದ್ರೆ ಅವಳು ಆ ಮಗು ಬಿಟ್ಟು ಹೋಗಿದ್ದು ಯಾವ ಪೇಪರಲ್ಲೂ ಬರ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಮರು ಪರೀಕ್ಷೆ ಫೆಬ್ರವರಿ 28ಕ್ಕೆ ಆಯ್ತು. ನನಗೆ ಅಂಕ ಸಾಲಲಿಲ್ಲ.

ಎಸ್‌ಡಿಎ ಪರೀಕ್ಷೆ ಚೆನ್ನಾಗಿ ಮಾಡಿದ್ದೆ. ಎರಡು ಪತ್ರಿಕೆ, ಒಂದು ಸಾಮಾನ್ಯ ಜ್ಞಾನ, ಇನ್ನೊಂದು ಸಾಮಾನ್ಯ ಕನ್ನಡ ಅಥವಾ ಇಂಗ್ಲಿಷ್, ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತೆ. ಕನ್ನಡ ಪತ್ರಿಕೆ ತಗೊಂಡೋರು ನಮ್ದೇ ಭಾಷೆ ಅಂತ ಬಿಟ್ಬಿಡ್ತಾರೆ, ಸಂಧಿ ಸಮಾಸ, ತತ್ಸಮ ತದ್ಭವ, ನುಡಿಗಟ್ಟು ಇವನ್ನ ಎಂಟನೇ ಕ್ಲಾಸಿಂದ ಹಿಡಿದು ಶಾಲೆ ಪುಸ್ತಕಗಳಲ್ಲೇ ಕೂತು ಓದ್ಬೇಕು, ರ‍್ಯಾಂಕ್ ಮೇಲೆ ಕೆಳಗೆ ಆಗೋದು ಇಲ್ಲೇ. ಇದಲ್ಲದೆ ಕಡ್ಡಾಯ ಕನ್ನಡ ಬೇರೆ, 150ಕ್ಕೆ ಕನಿಷ್ಠ 50 ತಗೋಬೇಕು, ಆ ಅಂಕ ರ‍್ಯಾಂಕಿಗೆ ಸೇರಲ್ಲ, ಆದ್ರೆ ಅದು ಬರ್ಲಿಲ್ಲ ಅಂದ್ರೆ ಉಳಿದದ್ದು ಎಷ್ಟು ಬಂದ್ರೂ ಉಪಯೋಗ ಇಲ್ಲ. ಓದೋದರ ಬಗ್ಗೆ ಇಷ್ಟು ಸಾಕು, ಅದನ್ನ ಹೇಳಿಕೊಡೋರು ಬೇಕಾದಷ್ಟು ಜನ ಇದಾರೆ.

ನಾನು ಹೇಳ್ಬೇಕಾಗಿರೋದು ಆಮೇಲಿಂದು. ದಾಖಲೆ ಪರಿಶೀಲನೆ ಪಟ್ಟಿಯಲ್ಲಿ ನನ್ನ ನಂಬರ್ ಬಂತು. ಅವ್ವ ದುರ್ಗವ್ವಗೆ ಉಡಿ ತುಂಬಿಸಿದ್ಲು. ಅಪ್ಪ ನಾನು ರಾತ್ರಿ ಬಸ್ ಹಿಡಿದು ಬೆಂಗಳೂರಿಗೆ ಹೋದ್ವಿ, ಅಪ್ಪ ಹೊರಗೆ ಮರದ ಕೆಳಗೆ ಕೂತ್ರು. ಒಳಗೆ ಸಾಲಾಗಿ ಟೇಬಲ್ಲು, ಎದುರಿಗೆ ಒಬ್ರು ಮೇಡಂ, ನಿಧಾನಕ್ಕೆ ಒಂದೊಂದೇ ಹಾಳೆ ತಿರುವ್ತಾ ಟಿಕ್ ಹಾಕ್ತಾ ಬಂದ್ರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಸರಿ ಇದೆ, ಪಿಯುಸಿ ಸರಿ ಇದೆ, ಜಾತಿ ಪ್ರಮಾಣಪತ್ರ ನಮೂನೆ-ಎಫ್ ಸರಿ ಇದೆ, 2ಎ, ಅಂದ್ರೆ ಹಿಂದುಳಿದ ವರ್ಗದ ಮೀಸಲಾತಿ. ಗ್ರಾಮೀಣ ಪ್ರಮಾಣಪತ್ರ ಬಂತು, ನಿಂತ್ರು. "ದಿನಾಂಕ ನೋಡಮ್ಮ" ಅಂದ್ರು. ಅರ್ಜಿ ಹಾಕೋ ಕೊನೇ ದಿನ ಆದ್ಮೇಲೆ ಹನ್ನೊಂದು ದಿನಕ್ಕೆ ಮಾಡ್ಸಿದ್ದು ಅದು.

ತಪ್ಪು ನನ್ದೇ. ಒಂದರಿಂದ ಹತ್ತನೇ ಕ್ಲಾಸ್‌ವರೆಗೂ ಹಳ್ಳಿ ಶಾಲೆಯಲ್ಲೇ ಓದಿದ್ದೀನಿ, ಅದು ಸತ್ಯಾನೇ ಅಲ್ವಾ, ಕಾಗದ ಯಾವಾಗ ಬೇಕಾದ್ರೂ ಮಾಡಿಸ್ಬಹುದು, ಸೆಲೆಕ್ಟ್ ಆದ್ರೆ ನೋಡೋಣ ಅಂತ ಬಿಟ್ಟಿದ್ದೆ. ನೇರ ನೇಮಕಾತಿಯಲ್ಲಿ 25% ಗ್ರಾಮೀಣ ಅಭ್ಯರ್ಥಿಗಳಿಗೆ ಅಂತಿದೆ, ಆದ್ರೆ ಹಳ್ಳೀಲಿ ಓದಿದ್ದು ಸತ್ಯ ಆದ್ರೆ ಸಾಲಲ್ಲ, ಆ ಸತ್ಯ ಕೊನೇ ದಿನಾಂಕದ ಒಳಗೆ ನಮೂನೆ-2ರಲ್ಲಿ ಹೆಡ್ ಮಾಸ್ಟರ್ ಸಹಿ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು, ಸೀಲು ಸಮೇತ ಇರ್ಬೇಕು. ಗ್ರಾಮೀಣ ಕೋಟಾ ತೆಗೆದ್ರು, ಬರೀ 2ಎ ಅಂತ ಪರಿಗಣಿಸಿದ್ರು, ಕೊನೇ ಪಟ್ಟಿಯಲ್ಲಿ ಎರಡು ಅಂಕಕ್ಕೆ ಹೋಯ್ತು. ಹೊರಗೆ ಬಂದಾಗ ಅಪ್ಪ "ಏನ್ ಕೇಳಿದ್ರು?" ಅಂದ್ರು. ದಿನಾಂಕ ಕೇಳಿದ್ರು ಅಂದೆ. ಅಪ್ಪಗೆ ಅರ್ಥ ಆಗ್ಲಿಲ್ಲ, ಹೇಳೋಕೆ ನನಗೂ ಆಗ್ಲಿಲ್ಲ, ಮೆಜೆಸ್ಟಿಕ್ ತನಕ ಇಬ್ರೂ ಸುಮ್ನೆ ನಡ್ಕೊಂಡ್ ಬಂದ್ವಿ.

ಅದಕ್ಕೇ ಅಕ್ಕನ ಮಗಳಿಗೆ ಹೇಳಿದ್ದು, ನೋಟಿಫಿಕೇಶನ್ ಬರ್ಲಿ ಆಮೇಲೆ ಅನ್ಬೇಡ, ಈಗ್ಲೇ ಶಾಲೆಗೆ ಹೋಗಿ ಗ್ರಾಮೀಣ ಪ್ರಮಾಣಪತ್ರ ಮಾಡಿಸ್ಕೋ. ಏಳನೇ ಕ್ಲಾಸ್‌ವರೆಗೆ ಒಂದು ಶಾಲೆ ಹೈಸ್ಕೂಲ್ ಇನ್ನೊಂದು ಊರಲ್ಲಿ ಆಗಿದ್ರೆ ಎರಡೂ ಕಡೆ ಹೋಗ್ಬೇಕು. ಕನ್ನಡ ಮಾಧ್ಯಮ ಪ್ರಮಾಣಪತ್ರ ಬೇರೆ, ಅದಕ್ಕೆ 5% ಇದೆ, ಒಂದೇ ಸಲಕ್ಕೆ ಎರಡೂ ಮಾಡಿಸ್ಕೋ. ನಮ್ಮಂಥ 2ಎ ಅವರ ಜಾತಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಅವಧಿ, ಕಾಲೇಜ್ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಇದೆಯಲ್ಲ ಅಂತ ಕೂತ್ರೆ ಅದು ಮುಗಿದೇ ಹೋಗಿರುತ್ತೆ, ನಾಡಕಚೇರಿಗೆ ಹೋಗಿ ಹೊಸದು ತಗೋ, ಅದರ ಮೇಲಿರೋ ಆರ್‌ಡಿ ನಂಬರ್ ಬರ್ಕೊಂಡು ಇಟ್ಕೋ. ಸಾಮಾನ್ಯ ವರ್ಗದವರು ಗ್ರಾಮೀಣ ಕೇಳೋದಾದ್ರೆ ಅವರಿಗೆ ನಮೂನೆ-1 ಕೂಡ ಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಆ ಕಡೆಯವರಿಗೆ 371ಜೆ ಪ್ರಮಾಣಪತ್ರ, ಅಂದ್ರೆ ಕಲ್ಯಾಣ ಕರ್ನಾಟಕದ ಸ್ಥಳೀಯರ ಮೀಸಲಾತಿದು, ಅದನ್ನ ಎಸಿ (ಸಹಾಯಕ ಆಯುಕ್ತರ) ಆಫೀಸಲ್ಲಿ ಕೊಡ್ತಾರೆ, ಆ ಭಾಗದ ಗ್ರೂಪ್ ಸಿ, ಅಂದ್ರೆ ಗುಮಾಸ್ತ ಮಟ್ಟದ ಹುದ್ದೆಯಲ್ಲಿ 80% ಸ್ಥಳೀಯರಿಗೇ ಇರೋದ್ರಿಂದ ಅದಿಲ್ಲದೆ ಕೂತ್ರೆ ಅಷ್ಟೂ ಕಳ್ಕೊಂಡಂಗೆ. ಹೆಸರು ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಹೆಂಗಿದೆಯೋ ಅರ್ಜಿಯಲ್ಲೂ ಹಂಗೇ, ಇನಿಷಿಯಲ್ ಹಿಂದೆ ಇದ್ರೆ ಹಿಂದೆ ಮುಂದೆ ಇದ್ರೆ ಮುಂದೆ. 2024ರ ಅಕ್ಟೋಬರ್ ಕೊನೆಗೆ ಪರಿಶಿಷ್ಟ ಜಾತಿಯ ಒಳಮೀಸಲಾತಿ ತೀರ್ಮಾನ ಆಗೋವರೆಗೂ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸ್ತಲ್ಲ, ಆಗ ಎಷ್ಟೋ ಜನ ಪುಸ್ತಕ ಮುಚ್ಚಿಟ್ಟು ಊರಿಗೆ ಹೋದ್ರು, ಅವರಿಗೂ ನಾನು ಇದೇ ಹೇಳ್ತಿದ್ದೆ, ಕಾಯೋ ಟೈಮಲ್ಲಿ ಕಾಗದ ಮಾಡಿಸ್ಕೊಳ್ರಿ ಅಂತ.

ಸೆಂಟ್ರಲ್ ಗವರ್ನಮೆಂಟ್ ಕ್ಲರ್ಕ್ ಹುದ್ದೆಗೂ ಇಂಟರ್ವ್ಯೂ ಇಲ್ಲ, 2016ರ ಜನವರಿ 1ರಿಂದ ಗ್ರೂಪ್ ಸಿಗೆ ತೆಗೆದು ಹಾಕಿದಾರೆ. ಒಳ್ಳೇದೇ ಆಯ್ತು ಅಂತೀನಿ ನಾನು. ನಮ್ಮೂರ ಕಡೆ ಇಂಟರ್ವ್ಯೂ ಅಂದ ತಕ್ಷಣ "ಎಷ್ಟ್ ಕೊಡಬೇಕಂತ?" ಅನ್ನೋದೇ ಮೊದಲ ಪ್ರಶ್ನೆ, ಆ ಪ್ರಶ್ನೆಗೆ ಹೆದರಿ ಅರ್ಜಿನೇ ಹಾಕದೇ ಇರೋರನ್ನ ನಾನು ನೋಡಿದೀನಿ.

ಆದ್ರೂ ನಾನು ಒಂದೇ ಒಂದು ಇಂಟರ್ವ್ಯೂ ಕೊಟ್ಟಿದೀನಿ, ಅದರಿಂದಾನೇ ಇವತ್ತು ಕೆಲಸದಲ್ಲಿರೋದು. ಜಿಲ್ಲಾ ನ್ಯಾಯಾಲಯಗಳು ಬೆರಳಚ್ಚುಗಾರರನ್ನ ಜಿಲ್ಲೆ ಜಿಲ್ಲೆಗೆ ಬೇರೆ ಬೇರೆಯಾಗಿ ಕರೀತಾರೆ, ಕನ್ನಡ ಇಂಗ್ಲಿಷ್ ಎರಡರಲ್ಲೂ ಪ್ರೌಢ ದರ್ಜೆ ಟೈಪಿಂಗ್ ಪಾಸಾಗಿರ್ಬೇಕು. ಎಸ್‌ಡಿಎ ಹೋದ ಮೇಲೆ ಒಂದು ತಿಂಗಳು ಏನೂ ಮಾಡ್ಲಿಲ್ಲ, ಆಮೇಲೆ ರಾಣೆಬೆನ್ನೂರಿಗೆ ದಿನಾ ಹೋಗಿ ಟೈಪಿಂಗ್ ಕಲಿತೆ. ಕಂಪ್ಯೂಟರಲ್ಲಿ ನುಡಿ ಅನ್ನೋ ಕನ್ನಡ ತಂತ್ರಾಂಶ. ಮೊಬೈಲಲ್ಲಿ ಕನ್ನಡ ಎಷ್ಟು ಫಾಸ್ಟ್ ಹೊಡೆದ್ರೂ ಅದು ಇಲ್ಲಿ ಲೆಕ್ಕಕ್ಕಿಲ್ಲ, ಅದರಲ್ಲಿರೋ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಬೆರಳಿಗೆ ಬರ್ಬೇಕು, ಒತ್ತಕ್ಷರ ಎಲ್ಲಿ ಅಂತ ಕಣ್ಣು ಕೆಳಗೆ ಹೋಗ್ಬಾರ್ದು. ಈ ಸಲ ಅರ್ಜಿ ಹಾಕೋ ಮುಂಚೆ ಫೈಲ್‌ನಲ್ಲಿ ಎಲ್ಲಾ ಕಾಗದ ಇದ್ವು, ಮೂರ್ ಮೂರು ಜೆರಾಕ್ಸ್ ಸಮೇತ.

ಸಂದರ್ಶನ ಅಂದ್ರೆ ಐದಾರು ನಿಮಿಷ ಅಷ್ಟೇ. ಮೂರು ಜನ ನ್ಯಾಯಾಧೀಶರು ಕೂತಿದ್ರು. ನನ್ನ ಕೈ ನಡುಗ್ತಿತ್ತು, ಫೈಲ್ ತೊಡೆ ಮೇಲೆ ಒತ್ತಿ ಹಿಡ್ಕೊಂಡೆ. ವಾದಿ ಪ್ರತಿವಾದಿ ಅಂದ್ರೇನು, ಜಾಮೀನು ಅಂದ್ರೇನು ಕೇಳಿದ್ರು, ಹೇಳಿದೆ. ನಿಮ್ಮ ತಾಲೂಕಿನ ಸ್ವಾತಂತ್ರ್ಯ ಹೋರಾಟಗಾರರು ಅಂದ್ರು, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ದಂಡಿ ಯಾತ್ರೆಗೆ ಗಾಂಧೀಜಿ ಜೊತೆ ನಡೆದೋರು, 1943ರ ಏಪ್ರಿಲ್ 1ಕ್ಕೆ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ್ರು ಅಂದೆ. ಆಮೇಲೆ ನಡುವೆ ಕೂತಿದ್ದ ಸಾಹೇಬ್ರು ತಂದೆ ಏನ್ ಮಾಡ್ತಾರೆ ಅಂದ್ರು. ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ ಸರ್. "ಹಾಗಾದ್ರೆ ಹೇಳಿ, ಡಬ್ಬಿಗೂ ಕಡ್ಡಿಗೂ ಏನ್ ವ್ಯತ್ಯಾಸ?" ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು. ಕಡ್ಡಿ ಉದ್ದ ತೆಳ್ಳಗೆ, ಮೈಯೆಲ್ಲಾ ಸುಕ್ಕು ಸರ್, ಡಬ್ಬಿ ಗಿಡ್ಡ ದಪ್ಪ, ಬಣ್ಣ ಇನ್ನೂ ಕೆಂಪು, ಎರಡಕ್ಕೂ ಖಾರ ಕಮ್ಮಿ ಬಣ್ಣ ಜಾಸ್ತಿ, ಅದಕ್ಕೇ ಬಣ್ಣ ತೆಗೆಯೋ ಕಂಪನಿಯವರು ತಗೋತಾರೆ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಅಂದೆ. ಜಿಐ, ಅಂದ್ರೆ ಭೌಗೋಳಿಕ ಗುರುತಿನ ಮಾನ್ಯತೆ, ಅದೊಂದು ಮಾತ್ರ ನಾನು ಓದಿದ್ದು, ಉಳಿದದ್ದೆಲ್ಲ ಅಪ್ಪನ ಅಂಗಿ ಒಗೆಯುವಾಗ ಜೇಬಿಂದ ಉದುರ್ತಿದ್ದ ಕಾಯಿಗಳಿಂದ ಗೊತ್ತಿತ್ತು. ಅಷ್ಟು ಹೇಳುವಾಗ ಕೈ ನಡುಗೋದು ನಿಂತಿತ್ತು.

ಪಟ್ಟಿಯಲ್ಲಿ ಹೆಸರು ಬಂತು. ಅಪ್ಪಗೆ ಫೋನ್ ಮಾಡಿದಾಗ ಅವರು ಚೀಲ ಹೊತ್ಕೊಂಡಿದ್ರಂತೆ, ಜೊತೆಯವರು ಫೋನ್ ಕಿವಿಗೆ ಹಿಡಿದಿದ್ರು.

ಈಗ ಅಕ್ಕನ ಮಗಳು ನಿನ್ನೆ ಎರಡೂ ಶಾಲೆಗೆ ಹೋಗಿದ್ಲು, ಇವತ್ತು ಬಿಇಓ ಆಫೀಸಿಗೆ. ಸಂಜೆ ವಾಟ್ಸಾಪಲ್ಲಿ ಫೋಟೋ ಕಳಿಸಿದಾಳೆ. ಸಹಿ ಇದೆ, ದಿನಾಂಕ ಇದೆ, ಸೀಲ್ ಮಾತ್ರ ಅರ್ಧ ಮಾಸಿದೆ, ಓದೋಕೆ ಬರಲ್ಲ. ನಾಳೆ ಇನ್ನೊಂದ್ ಸಲ ಹೋಗಿ ಸರಿಯಾಗಿ ಹಾಕಿಸ್ಕೊಂಡ್ ಬಾ ಅಂದಿದೀನಿ.