ಗುರುವಾರದ ದಾರಿ ಗೊತ್ತಿದ್ದ ಡಬ್ಬಿ

ಗಾಡಿ ಮೊದಲ ಸಲ ಕೈಕೊಟ್ಟದ್ದು ತಂಗಿಯ ಓಣಿಯಲ್ಲಿ. ಸಂಜೆ ಆರೂಕಾಲು. ಕೀ ತಿರುವಿದರೆ ಟಕ್ ಟಕ್ ಎಂಬ ಸದ್ದು, ಅಷ್ಟೆ. ತಂಗಿಯ ಗಂಡ ಲುಂಗಿ ಎತ್ತಿ ಕಟ್ಟಿಕೊಂಡು ಹಿಂದೆ ನಿಂತ, ಎದುರುಮನೆಯ ಮೂವರು ಹುಡುಗರು ಕ್ರಿಕೆಟ್ ಬಿಟ್ಟು ಬಂದರು. “ಅಕ್ಕಾರ, ಸೆಕೆಂಡ್ ಗೇರ್ ಹಾಕಿ ಕ್ಲಚ್ ಒತ್ತಿ ಹಿಡೀರಿ. ನಾವು ಹೂಂ ಅಂದಾಗ ಬಿಡ್ರಿ.” ಹೂಂ ಅಂದರು, ಬಿಟ್ಟೆ, ಗಾಡಿ ಒಮ್ಮೆ ಜಗ್ಗಿ ಸ್ಟಾರ್ಟ್ ಆಯಿತು. ನಾನು ಆ ಓಣಿಗೆ ಹೋಗುತ್ತಿದ್ದದ್ದೇ ಯಾರ ಕಣ್ಣಿಗೂ ಬೀಳಬಾರದೆಂದು. ಅವತ್ತು ಓಣಿಗೆ ಓಣಿಯೇ ಕಟ್ಟೆಯ ಮೇಲೆ ಬಂದು ನಿಂತಿತ್ತು.

ಆ ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವುದೆಲ್ಲ ಆದಮೇಲೆ ನಾನೇ ಬರೆದುಬಿಟ್ಟರೆ ಹೇಗೆ? ಹೊಳೆಯ ದಂಡೆಗಿರುವ ಊರು, ಕೊಪ್ಪಳದಿಂದ ಮುಕ್ಕಾಲು ತಾಸಿನ ದಾರಿ ಅಂದುಕೊಳ್ಳಿ ಸಾಕು. ತಂಗಿ ನಾಲ್ಕು ವರ್ಷದ ಹಿಂದೆ ಮನೆಯವರು ಒಪ್ಪದ ಹುಡುಗನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳು. ಅಂದಿನಿಂದ ನಮ್ಮ ತವರಿನಲ್ಲಿ ಅವಳ ಹೆಸರು ಎತ್ತುವಂತಿಲ್ಲ. ಅವ್ವ ಒಬ್ಬಳೇ, ರೊಟ್ಟಿ ಬಡಿಯುವಾಗ ಯಾರೂ ಇಲ್ಲದ್ದು ನೋಡಿ, “ಆರಾಮ ಅದಾಳಂತೇನು?” ಅಂತ ಕೇಳುತ್ತಾಳೆ. ನಾನು ಕೊಪ್ಪಳದ ಪಿ.ಯು. ಕಾಲೇಜಿನಲ್ಲಿ ಪಾಠ ಮಾಡುವವಳು. ಗುರುವಾರ ಮಧ್ಯಾಹ್ನದ ಮೇಲೆ ನನಗೆ ಕ್ಲಾಸಿಲ್ಲ. ಯಜಮಾನರಿಗೆ ಸಿಂಧನೂರಿನ ಬ್ಯಾಂಕಿನಲ್ಲಿ ಕೆಲಸ, ಶನಿವಾರ ಬರುತ್ತಾರೆ. ಅವರಿಗೆ ಈ ಗುರುವಾರದ ದಾರಿ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ ಅಂತ ನಂಬಿದ್ದೆ.

ಗಾಡಿ ತೆಗೆದುಕೊಂಡದ್ದೂ ಅದಕ್ಕೇ, ನಿಜ ಹೇಳಬೇಕೆಂದರೆ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಊರಿನ ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ, ಎಲ್ಲಿಗೆ ಹೊಂಟೀರಿ ಅನ್ನುತ್ತಾರೆ. ಹೊಸಪೇಟೆ ರಸ್ತೆಯಲ್ಲಿ ಹಳೇ ಗಾಡಿ ಮಾರುವ ಒಂದು ಆಟೋ ಕನ್ಸಲ್ಟೆಂಟ್ ಅಂಗಡಿಯಲ್ಲಿ ಕೆಎ 37ರ ಒಂದು ಬಿಳಿ ಕಾರು ಇತ್ತು. ಅಂಗಡಿಯ ಸಾವ್ಕಾರ ನಮ್ಮ ಅಣ್ಣನ ಜೊತೆ ಓದಿದವರು. 3,40,000ಕ್ಕೆ ಮಾತಾಯಿತು. 2,80,000 ಕೈಗೆ ಕೊಟ್ಟೆ, ಉಳಿದ 60,000 ತಿಂಗಳಿಗೆ ಹತ್ತು ಸಾವಿರದಂತೆ ಆರು ತಿಂಗಳು. “ನೀ ನನ್ನ ತಂಗಿ ಇದ್ದಂಗ, ಬಡ್ಡಿ ಗಿಡ್ಡಿ ಏನಿಲ್ಲ” ಅಂದರು. ಫಾರಂ 29, ಫಾರಂ 30ಕ್ಕೆ ಸಹಿ ಆಯಿತು, ಆರ್‌ಟಿಓದಲ್ಲಿ ಆರ್.ಸಿ. ನನ್ನ ಹೆಸರಿಗೆ ಬಂತು. ಶ್ರಾವಣದಲ್ಲಿ ತಂದ ಗಾಡಿಯ ಬಾಕಿ ಫೆಬ್ರವರಿಗೆ ತೀರಿತು. ಕೊನೇ ಕಂತು ಕೊಟ್ಟ ದಿನ ಅವರು ಒಗ್ಗರಣಿ, ಮಿರ್ಚಿ ತರಿಸಿ ತಿನ್ನಿಸಿ ಕಳಿಸಿದರು.

ಬ್ಯಾಟರಿಗೆ ಬರುತ್ತೇನೆ. ಓಣಿಯಲ್ಲಿ ನೂಕಿಸಿಕೊಂಡ ಮರುದಿನವೇ ಹಳೆಯದನ್ನು ಕೊಟ್ಟು, ಮೇಲೆ 4,200 ಹಾಕಿ ಹೊಸದು ಕೂಡಿಸಿದೆ. ಪರೀಕ್ಷೆಯ ಗದ್ದಲದಲ್ಲಿ ಹತ್ತು ದಿನ ಗಾಡಿ ಮುಟ್ಟಲಿಲ್ಲ. ಹನ್ನೊಂದನೇ ದಿನ ನೋಡಿದರೆ ಹೊಸ ಬ್ಯಾಟರಿಯೂ ಬರಿದು. ಒಳಗಿನ ದೀಪ ಕೂಡ ಹತ್ತಲಿಲ್ಲ. ಪಕ್ಕದ ಮನೆಯವರ ಗಾಡಿಯಿಂದ ಕೇಬಲ್ ಹಚ್ಚಿ ಸ್ಟಾರ್ಟ್ ಮಾಡಿಸಿ ಸೀದಾ ಕನ್ಸಲ್ಟೆಂಟ್ ಅಂಗಡಿಗೆ ಹೋದೆ. ಸಾವ್ಕಾರ ಇರಲಿಲ್ಲ. ಗಾಡಿ ತೊಳೆದು ಒರೆಸುವ, ಮೀಸೆ ಈಗ ಮೂಡುತ್ತಿರುವ ಹುಡುಗ ಒಬ್ಬನೇ ಇದ್ದ. ಬಾನೆಟ್ ಎತ್ತಿ ನೋಡಿ, ಬಹಳ ಮುತುವರ್ಜಿಯಿಂದ ಕೇಳಿದ:

“ಮೇಡಂ, ಗುರುವಾರ ಹೊಳಿ ಕಡೆ ಹೋದಾಗ ಅಷ್ಟ ಇಳೀತೈತೋ, ದಿನಾ ಇಳೀತೈತೋ?”

ನಾನು ಹೊಳೆಯ ಮಾತು ಎತ್ತಿರಲಿಲ್ಲ. ಗುರುವಾರದ ಮಾತೂ ಎತ್ತಿರಲಿಲ್ಲ. ಏಪ್ರಿಲ್ಲಿನ ಕೊಪ್ಪಳದ ಬಿಸಿಲಿನಲ್ಲಿ ನಿಂತವಳಿಗೆ ಅಂಗಾಲು ತಣ್ಣಗಾಯಿತು. “ನಿನಗ ಹೆಂಗ ಗೊತ್ತು ತಮ್ಮಾ?” ಅಂದೆ. ಅವನು ಬಾಯಿ ಮುಚ್ಚಿಕೊಂಡು ಒರೆಸುವ ಬಟ್ಟೆಯನ್ನು ಮಡಚತೊಡಗಿದ. ನಾಲ್ಕು ಮಡಿಕೆ ಮಾಡಿದ, ಮತ್ತೆ ಬಿಚ್ಚಿದ. ಬೈದಿದ್ದರೆ ಓಡಿಹೋಗುತ್ತಿದ್ದನೇನೋ. ಮಕ್ಕಳಿಗೆ ಪಾಠ ಮಾಡಿ ಮಾಡಿ ಕಲಿತ ಒಂದೇ ವಿದ್ಯೆ, ಸುಮ್ಮನೆ ನೋಡುತ್ತ ನಿಲ್ಲುವುದು. ಸ್ವಲ್ಪ ಹೊತ್ತಿಗೆ ಅವನೇ ಮೊಬೈಲ್ ತೆಗೆದು ಮುಂದೆ ಹಿಡಿದ.

ಕೊಪ್ಪಳದ ನಕ್ಷೆ. ಅದರ ಮೇಲೆ ನೀಲಿ ಗೆರೆ. ಗೆರೆಯ ಉದ್ದಕ್ಕೂ ಗುಂಡನೆ ಗುರುತುಗಳು, ಒತ್ತಿದರೆ ವೇಳೆ. ತೊಂಬತ್ತು ದಿನದ್ದು ಇತ್ತು. ಕಾಲೇಜು, ಜವಾಹರ್ ರಸ್ತೆ, ಗವಿಮಠದ ಮುಂದೆ ಇಪ್ಪತ್ತು ನಿಮಿಷ, ತಿಂಗಳಿಗೊಮ್ಮೆ ತವರೂರು, ಯಾವುದೋ ರಾತ್ರಿ ಹತ್ತಕ್ಕೆ ಆಸ್ಪತ್ರೆ (ಜ್ವರ, ನನಗೇ ಮರೆತುಹೋಗಿತ್ತು). ಆಮೇಲೆ ಹನ್ನೊಂದು ಗುರುವಾರ, ಅದೇ ಊರು, ಅದೇ ಓಣಿ, ಬಾಗಿಲಿನ ತನಕ. ‘ಪಾರ್ಕಿಂಗ್, 4.40ರಿಂದ 6.15, 1 ಗಂಟೆ 35 ನಿಮಿಷ.’ ತಂಗಿ ಚಹಾ ಮಾಡುವುದು, ಮಗುವಿನ ಹೊಸ ಹಲ್ಲು ತೋರಿಸುವುದು, ಅವ್ವ ಕಳಿಸಿದ ಶೇಂಗಾ ಚಟ್ನಿಯ ಡಬ್ಬಿ ಮುಟ್ಟಿ ಸುಮ್ಮನಾಗುವುದು, ಎಲ್ಲ ಸೇರಿ ಅದಕ್ಕೆ ಪಾರ್ಕಿಂಗ್ ಎಂದು ಹೆಸರು.

ಅಲ್ಲಿಂದ ಗಡಿಯಾರ ಕಂಬದ ಹತ್ತಿರ ವೈರಿಂಗ್ ಮಾಡುವ ಭಾಯ್ ಒಬ್ಬರಿದ್ದಾರೆ, ಅವರ ಹತ್ತಿರ ಹೋದೆ. ಮಾತು ಕಮ್ಮಿಯ ಮನುಷ್ಯ. ಬ್ಯಾಟರಿಯ ಮೈನಸ್ ಕಡೆಯ ಕೇಬಲ್ ಬಿಚ್ಚಿ ಮಧ್ಯೆ ಮೀಟರ್ ಹಿಡಿದರು. ಗಾಡಿ ಬಂದ್, ಬಾಗಿಲು ಬಂದ್, ಕೀ ನನ್ನ ಕೈಯಲ್ಲಿ. ಮೀಟರ್ 0.14 ತೋರಿಸಿತು. ಮಲಗಿದ ಗಾಡಿ 0.05ರ ಒಳಗೆ ಇರಬೇಕಂತೆ. 0.14 ಆಂಪಿಯರ್ ಅಂದರೆ ದಿನಕ್ಕೆ ಮೂರೂಕಾಲು ಆಂಪಿಯರ್ ಅವರ್ ಚಿಲ್ಲರೆ. ನನ್ನದು 35ರ ಬ್ಯಾಟರಿ, ಹತ್ತು ದಿನಕ್ಕೆ ಖಾಲಿ. ಲೆಕ್ಕ ಸರಿಯಾಗಿಯೇ ಇತ್ತು. ಹಳೆಯ ಬ್ಯಾಟರಿ ಹೀಗೆ ಮೇಲಿಂದ ಮೇಲೆ ಬರಿದಾಗಿಯೇ ಸತ್ತಿತ್ತು, ಅದರ ತಪ್ಪಿರಲಿಲ್ಲ.

ಭಾಯ್ ಒಂದೊಂದೇ ಫ್ಯೂಸ್ ಕಿತ್ತು ನೋಡಿದರು. ಯಾವುದನ್ನು ಕಿತ್ತರೂ ಅಂಕಿ ಇಳಿಯಲಿಲ್ಲ. “ಫ್ಯೂಸಿಗೆ ಬರೂದಕ್ಕಿಂತ ಮೊದಲ ಯಾರೋ ಲೈನ್ ತಗೊಂಡಾರ” ಅಂದು ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿ, ಬೆನ್ನ ಮೇಲೆ ಮಲಗಿ ತಲೆ ಒಳಗೆ ತೂರಿಸಿದರು. ಅವರ ಕಾಲು ಮಾತ್ರ ರಸ್ತೆಗೆ ಕಾಣುತ್ತಿತ್ತು. ಹತ್ತು ನಿಮಿಷಕ್ಕೆ ಒಂದು ಕೈ ಹೊರಗೆ ಬಂತು, ಕೈಯಲ್ಲಿ ಕಪ್ಪು ಟೇಪ್ ಸುತ್ತಿದ ಡಬ್ಬಿ, ಗಾಡಿ ಎಲ್ಲಿದೆ ಅಂತ ಸುದ್ದಿ ಕಳಿಸುವ ಟ್ರ್ಯಾಕರ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಟೇಪ್ ಬಿಚ್ಚಿದರೆ ಎರಡು ಸಣ್ಣ ದೀಪ ಮಿಣುಕುತ್ತಿದ್ದವು. ಬ್ಯಾಟರಿಯ ಲೈನ್ ಕತ್ತರಿಸಿದರೂ ಆರಲಿಲ್ಲ, ಒಳಗೆ ಅದರದೇ ಪುಟ್ಟ ಬ್ಯಾಟರಿ ಇತ್ತು. ಅದು ಬೆಳಗುತ್ತಲೇ ಇದ್ದದ್ದು ನನಗೆ ಆ ಹೊತ್ತಿಗೆ ಎಂಥದೋ ಧಿಮಾಕಿನಂತೆ ಕಂಡಿತು.

ಆಕಾಶದಿಂದ ಯಾರೋ ನೋಡುತ್ತಾರೆ ಅನ್ನುವುದು ನನ್ನ ತಲೆಯಲ್ಲಿದ್ದ ಚಿತ್ರ. ಹಾಗಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಪಾಡಿಗೆ ವೇಳೆ ಕೂಗುತ್ತ ಹೋಗುತ್ತವೆ. ಡಬ್ಬಿ ಕನಿಷ್ಠ ನಾಲ್ಕು ಉಪಗ್ರಹಗಳ ಕೂಗು ಕೇಳಿ ತಾನೆಲ್ಲಿದ್ದೇನೆ ಅಂತ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಚಾಡಿ ಹೇಳುವುದು ಅದರೊಳಗಿನ ಸಿಮ್. ಪಕ್ಕದ ಮೊಬೈಲ್ ಟವರ್ ಹಿಡಿದು, ಎಲ್ಲೋ ಇರುವ ಸರ್ವರಿಗೆ ಕಳಿಸಿ, ಅಲ್ಲಿಂದ ಗಾಡಿ ಒರೆಸುವ ಹುಡುಗನ ಮೊಬೈಲಿಗೆ. ಉಪಗ್ರಹಕ್ಕೆ ನನ್ನ ತಂಗಿಯ ಗೊಡವೆ ಇಲ್ಲ.

ಭಾಯ್ ಇನ್ನೊಂದು ತೋರಿಸಿದರು. ಪೆಟ್ರೋಲ್ ಪಂಪಿಗೆ ಹೋಗುವ ವೈರನ್ನು ಕಡಿದು ನಡುವೆ ರಿಲೇ, ಅಂದರೆ ಡಬ್ಬಿಯ ಮಾತು ಕೇಳುವ ಸ್ವಿಚ್ಚು, ಕೂಡಿಸಿದ್ದರು. ಒಂದು ಮೆಸೇಜ್ ಬಂದರೆ ಪಂಪ್ ನಿಲ್ಲುತ್ತದೆ, ಇಂಜಿನ್ ಬಂದಾಗುತ್ತದೆ. ಇಂಜಿನ್ ಬಂದಾದ ಗಾಡಿಯ ಬ್ರೇಕು ಒಂದೆರಡು ಸಲ ಒತ್ತಿದ ಮೇಲೆ ಕಲ್ಲಿನಂತಾಗುತ್ತದೆ. ಹಿಟ್ನಾಳ ಕ್ರಾಸಿನಲ್ಲಿ ಅದಿರಿನ ಲಾರಿಗಳ ನಡುವೆ ನಾನು ಎಷ್ಟು ಸಲ ಹಾದಿದ್ದೇನೆ ಅಂತ ಲೆಕ್ಕ ಮಾಡಹೋಗಿ ಬಿಟ್ಟೆ. ಆ ಲೆಕ್ಕವೂ ಅವರ ಮೊಬೈಲಿನಲ್ಲಿ ಇದ್ದೇ ಇರುತ್ತದಲ್ಲ. “ವೈರ್ ಮೊದಲಿನಂಗ ಜೋಡಿಸಿ ಕೊಡ್ತೀನಿ, ಸುಮ್ನ ಕಿತ್ತರ ಗಾಡಿ ಹೊಂಡಂಗಿಲ್ಲ” ಅಂದರು ಭಾಯ್. ಮುನ್ನೂರು ರೂಪಾಯಿ ತೆಗೆದುಕೊಂಡರು. ಯಾರು ಕೂಡಿಸಿದ್ದು, ಯಾಕೆ, ಒಂದೂ ಕೇಳಲಿಲ್ಲ.

ಸಂಜೆ ಸಾವ್ಕಾರ ಸಿಕ್ಕರು. ಡಬ್ಬಿ ಮೇಜಿನ ಮೇಲಿಟ್ಟೆ. ಅವರ ಮುಖದಲ್ಲಿ ನಾನು ಹುಡುಕಿದ್ದು ಸಿಗಲಿಲ್ಲ. ಮರೆತುಹೋದ ಕೊಡೆ ವಾಪಸ್ ತಂದುಕೊಟ್ಟವಳನ್ನು ನೋಡುವ ಹಾಗೆ ನೋಡಿದರು.

“ಅಯ್ಯ, ಅದಾ? ಕಂತಿನ ಗಾಡಿಗೆಲ್ಲ ಹಾಕ್ತೇವ್ವಾ. ರೊಕ್ಕ ಕೊಡದ ಗಾಡಿ ತಗೊಂಡು ಆಂಧ್ರಕ್ಕ ಹೋಗಿಬಿಡ್ತಾರ, ಎಲ್ಲಿ ಅಂತ ಹುಡುಕೂದು? ನಿನ್ನದು ತೀರಿದ ಮ್ಯಾಲೆ ಬಿಚ್ಚೂದು ಮರತೈತಿ ನೋಡು. ಇದ್ರ ಇರವಲ್ಲದ್ಯಾಕ, ನಾಳೆ ಕಳವಾತು ಅಂದ್ರ ನಿನಗ ಛಲೋ.”

“ನನಗೊಂದ ಮಾತ ಹೇಳಬೇಕಿತ್ತಲ್ರಿ ಅಣ್ಣಾರ.”

“ಹೇಳಿದ್ರ ಯಾರ್ ಹಾಕಿಸ್ಕೊಂತಾರ? ಗೌರ್ಮೆಂಟ ಕಡ್ಡಾಯ ಮಾಡೇತಿ ಈಗ ಎಲ್ಲಾ ಗಾಡಿಗೆ.”

ಕಡ್ಡಾಯ ಇರುವುದು ಹಳದಿ ಬೋರ್ಡಿನ ಪ್ರಯಾಣಿಕರ ವಾಹನಗಳಿಗೆ. ಬಸ್ಸು, ಟ್ಯಾಕ್ಸಿ ಇಂಥವಕ್ಕೆ ಎಐಎಸ್ 140 ಎಂಬ ಮಾನದಂಡದ ಡಬ್ಬಿ, ಜೊತೆಗೆ ಆಪತ್ತಿಗೆ ಒತ್ತುವ ಗುಂಡಿ. ಅದು ಇದೆ ಅಂತ ಹತ್ತಿದವರಿಗೆಲ್ಲ ಕಾಣುತ್ತದೆ. ನನ್ನದು ಬಿಳಿ ಬೋರ್ಡು, ಟೇಪ್ ಸುತ್ತಿ ಬಚ್ಚಿಟ್ಟ ಡಬ್ಬಿ. ಇದನ್ನೆಲ್ಲ ಆಮೇಲೆ ಓದಿಕೊಂಡೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಇಷ್ಟೇ: “ಗುರುವಾರದ ಸುದ್ದಿ ಯಾರಿಗೆ ಹೇಳೀರಿ?”

“ಯಾವ ಗುರುವಾರ?” ಅಂದರು. ಗೊತ್ತಿಲ್ಲದೆ ಅಂದರೋ, ಗೊತ್ತಿದ್ದು ಅಂದರೋ, ಇವತ್ತಿಗೂ ಹೇಳಲಾರೆ. ನಾನು ಎದ್ದಾಗ ಅವರು ಮೇಜಿನ ಕಡೆ ಕೈ ಮಾಡಿ, “ಆ ಡಬ್ಬಿ ಇಟ್ಟು ಹೋಗವ್ವಾ, ಅದು ನಮ್ಮದು” ಅಂದರು. ಇಡಲಿಲ್ಲ.

ಅವರ ಹೆದರಿಕೆ ಸುಳ್ಳು ಅಂತ ನಾನು ಅನ್ನುವುದಿಲ್ಲ. ಕಂತು ಮುಳುಗಿಸಿ ಓಡಿಹೋದವರನ್ನು ನಾನೂ ನೋಡಿದ್ದೇನೆ. ಆರು ತಿಂಗಳ ಮಟ್ಟಿಗೆ ಹಾಕುತ್ತೇವೆ, ಸಹಿ ಹಾಕು ಅಂದಿದ್ದರೆ, ಗುರುವಾರ ಬಸ್ಸಿಗೆ ಹೋದರಾಯಿತು ಅಂತ ಹಾಕಿಬಿಡುತ್ತಿದ್ದೆನೇನೋ. ಬ್ಯಾಂಕು ಸಾಲ ಕೊಟ್ಟರೆ ಆರ್.ಸಿ. ಮೇಲೆಯೇ ಹೈಪೋಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಒತ್ತೆ ಇದೆ, ಎಂದು ಬರೆಸುತ್ತದೆ, ತೀರಿದ ಮೇಲೆ ಫಾರಂ 35 ಕೊಟ್ಟು ಅದನ್ನು ತೆಗೆಸಬಹುದು. ಈ ಡಬ್ಬಿ ಯಾವ ಫಾರಮಿನಲ್ಲೂ ಇರಲಿಲ್ಲ, ಹಾಗಾಗಿ ತೀರಿಸುವ ದಾರಿಯೂ ಇರಲಿಲ್ಲ. ಅಮೆರಿಕದಲ್ಲಂತೂ ಇದು ಹಳೆಯ ಕಸುಬು. ಅಂಗಡಿಯಲ್ಲಿ ನಿಂತಾಗಲೇ ಗಾಡಿಗಳಿಗೆಲ್ಲ ಟ್ರ್ಯಾಕರ್ ಕೂಡಿಸಿ, ಕೊಂಡವರ ಬಿಲ್ಲಿಗೆ ‘ಕಳ್ಳತನದಿಂದ ರಕ್ಷಣೆ’ ಎಂದು ಅದರ ಹಣವನ್ನೂ ಸೇರಿಸುವ ಡೀಲರುಗಳು ಅಲ್ಲಿದ್ದಾರೆ. ನಮ್ಮ ಸಾವ್ಕಾರ ನನ್ನಿಂದ ಹಣ ತೆಗೆದುಕೊಂಡಿರಲಿಲ್ಲ. ಆ ಮಟ್ಟಿಗೆ ತಂಗಿ ಇದ್ದ ಹಾಗೇ ನೋಡಿಕೊಂಡರು ಅನ್ನಬೇಕು.

ಸ್ಟಾಫ್ ರೂಮಿನಲ್ಲಿ ರಾಜ್ಯಶಾಸ್ತ್ರದ ಸಹೋದ್ಯೋಗಿಗೆ ಮಾತ್ರ ಹೇಳಿದೆ, ತಂಗಿಯ ಸಂಗತಿ ಬಿಟ್ಟು. ಅವರಿಗೆ ಪಾಠ ಮಾಡಲು ಒಂದು ನೆಪ ಸಾಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದದ್ದು, ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಎಂಬುದು, ಎಲ್ಲ ಹೇಳಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು. 2024ರ ಜುಲೈನಲ್ಲಿ ಅದೇ ಕೋರ್ಟು, ಮಾದಕವಸ್ತು ಪ್ರಕರಣದ ಒಬ್ಬ ಆರೋಪಿಗೆ ಹಾಕಿದ್ದ ಜಾಮೀನಿನ ಷರತ್ತನ್ನು ತೆಗೆದುಹಾಕಿತಂತೆ. ನೀನೆಲ್ಲಿದ್ದೀ ಅಂತ ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿ ತನಿಖಾಧಿಕಾರಿಗೆ ಕಾಣುವಂತೆ ಇಡಬೇಕು ಎಂಬ ಷರತ್ತು. ಪೊಲೀಸರೇ ಹಾಗೆ ಸದಾ ಇಣುಕುವಂತಿಲ್ಲ ಅಂದಿತು ಕೋರ್ಟು.

“ಕಂಪ್ಲೇಂಟ್ ಕೊಡ್ರಿ ಮೇಡಂ” ಅಂದರು ಅವರು. ಕೊಡಬಹುದಿತ್ತು. ಠಾಣೆಯಲ್ಲಿ ಮೊದಲು ಕೇಳುವುದೇ ಎಲ್ಲೆಲ್ಲಿಗೆ ಹೋಗಿದ್ದಿರಿ, ಅವರು ಏನೇನು ನೋಡಿದರು ಅಂತ. ಬರೆದುಕೊಳ್ಳುತ್ತಾರೆ. ಓಣಿಯ ಹೆಸರು ಇನ್ನೊಂದು ಕಾಗದದ ಮೇಲೆ ಬರುತ್ತದೆ, ಆ ಕಾಗದ ನಮ್ಮ ಜಿಲ್ಲೆಯಲ್ಲಿ ಎಷ್ಟು ಕೈ ದಾಟೀತು ಅಂತ ಯಾರು ಹೇಳಬೇಕು. ಕೊಡಲಿಲ್ಲ.

ಆ ಭಾನುವಾರ ತವರಿಗೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕೂತು ಎತ್ತಿನ ಹಗ್ಗ ಹೊಸೆಯುತ್ತಿದ್ದ. “ಗಾಡಿ ಛಲೋ ಓಡತೈತೇನು?” ಅಂದ. ಓಡತೈತಿ ಅಂದೆ. “ದೂರ ಒಬ್ಬಾಕಿ ಹೋಗಬ್ಯಾಡ” ಅಂದು ಮತ್ತೆ ಹಗ್ಗಕ್ಕೆ ಬಿದ್ದ. ಅಣ್ಣಂದಿರು ಎಲ್ಲ ತಂಗಿಯರಿಗೂ ಹೇಳುವ ಮಾತು ಅದು. ಹತ್ತು ವರ್ಷದಿಂದ ನನಗೆ ಹೇಳುತ್ತಲೇ ಬಂದಿದ್ದಾನೆ. ಅವತ್ತು ಮಾತ್ರ ಅದನ್ನು ತಿರುವಿ ತಿರುವಿ ನೋಡಿದೆ, ರಾತ್ರಿಯೆಲ್ಲ. ಡಬ್ಬಿ ನನಗೆ ಮಾಡಿದ್ದು ಇದು. ಅಣ್ಣನ ಬಾಯಿಂದ ಬಂದ ಯಾವ ಮಾತನ್ನೂ ಈಗ ಇದ್ದ ಹಾಗೆ ಕೇಳಲು ಆಗುತ್ತಿಲ್ಲ.

ತಂಗಿಗೆ ಹೇಳದೆ ಇರಲಾಗಲಿಲ್ಲ. ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ದೀಪ ಆರಿತ್ತು, ಸಿಮ್ ತೆಗೆದಿದ್ದೆ. “ಇದನ್ನೇನೋ ತಗದಿ ಅಕ್ಕಾ. ನಮ್ಮ ಮನಿ ಬಾಗಲ ಅವರ ಮೊಬೈಲ್‌ನ್ಯಾಗ ಉಳಿದಂಗಾತಲ್ಲ?” ಅಂದಳು. ಮಗು ಡಬ್ಬಿಯ ವೈರು ಬಾಯಿಗೆ ಹಾಕಲು ಹೋಯಿತು, ಕಸಿದುಕೊಂಡಳು. ಅವರು ಆ ತಿಂಗಳ ಕೊನೆಗೆ ಮನೆ ಬದಲಿಸಿದರು. ನೀರಿನ ತೊಂದರೆ ಅಂತ ಓಣಿಯವರಿಗೆ ಹೇಳಿದರಂತೆ.

ಈಗ ಗುರುವಾರ ಬಸ್ಸಿಗೆ ಹೋಗುತ್ತೇನೆ. ಯಾರಾದರೂ ಸಿಕ್ಕರೆ ಹುಲಿಗೆಮ್ಮನ ಗುಡಿಗೆ ಅನ್ನುತ್ತೇನೆ, ಅಮ್ಮನೂ ಇಷ್ಟು ದಿನ ಮಾಫಿ ಮಾಡಿದ್ದಾಳೆ. ಕಂಡಕ್ಟರಿಗೆ ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾನೆ. ಅದರ ಮೇಲೆ ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ ಎಲ್ಲ ಇರುತ್ತದೆ. ಒಬ್ಬ ಹೆಂಗಸು ಹೋದಳು ಅಂತ ಇರುತ್ತದೆ. ಯಾವ ಹೆಂಗಸು ಅಂತ ಇರುವುದಿಲ್ಲ. ನಾನು ಅದನ್ನು ಎರಡು ಮಡಿಕೆ ಮಾಡಿ ಬ್ಲೌಸಿನೊಳಗೆ ಇಟ್ಟುಕೊಂಡು ಕಿಟಕಿಯ ಕಡೆ ಸರಿದು ಕೂಡುತ್ತೇನೆ.