ಗುಜರಿಗೆ ಹೊರಟ ಲ್ಯಾಪ್‌ಟಾಪೂ ಡೇರಿಯ ನಡಾವಳಿಯೂ

"ಆನ್ ಮಾಡಿಟ್ಟು ಎರಡು ಹಸ ಹಾಲು ಕರೆದು ಮುಗಿಸ್ಕೊಂಡು ಬಂದ್ರೂ ಇನ್ನೂ ಗುಂಡಗೆ ಸುತ್ತುತಾನೇ ಇರ್ತದೆ ಕಣಣ್ಣ."

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರ ಹಾಲಿನ ಡೇರಿ ಕಾರ್ಯದರ್ಶಿ, 2025ರ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ, ಬಟ್ಟೆ ಅಂಗಡಿಯ ಕೈಚೀಲದಿಂದ ಲ್ಯಾಪ್‌ಟಾಪ್ ತೆಗೆದು ನನ್ನ ಮೇಜಿನ ಮೇಲಿಟ್ಟು ಹೇಳಿದ ಮಾತು ಇದು. 2015ರಲ್ಲಿ ಕೊಂಡದ್ದು. ಐದನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಪೇಟೆಯ ಅಂಗಡಿಯೊಂದರಲ್ಲಿ ಹತ್ತು ನಿಮಿಷ ನೋಡಿ "ಬೋರ್ಡ್ ವೀಕ್ ಆಗಿದೆ, ಹಳೇದಕ್ಕೆ ಎರಡು ಸಾವಿರ ಹಿಡ್ಕೋತೀವಿ, ಹೊಸದು ತಗೊಳ್ಳಿ" ಅಂದಿದ್ದರಂತೆ. ಮಗಳು ಬಿ.ಎಸ್ಸಿ. ಮೊದಲ ವರ್ಷ. ಅವಳಿಗೆ ಹೇಗೂ ಒಂದು ಬೇಕು, ಸಾಲ ಮಾಡಿಯಾದರೂ ಕೊಡಿಸೋಣ ಅನ್ನುವ ಹಂತಕ್ಕೆ ಮನೆಯವರು ಬಂದಿದ್ದರು.

ಲ್ಯಾಪ್‌ಟಾಪ್ ರಿಪೇರಿಯಲ್ಲಿ "ಬೋರ್ಡ್ ವೀಕ್" ಅನ್ನುವುದು ಹೊಟ್ಟೆನೋವು, ಎದೆನೋವು ಎಲ್ಲದಕ್ಕೂ "ಗ್ಯಾಸ್ಟ್ರಿಕ್" ಅಂದಂತೆ. ಬೋರ್ಡು, ಅಂದರೆ ಚಿಪ್ಪುಗಳನ್ನೆಲ್ಲ ಹೊತ್ತ ಒಳಗಿನ ಹಲಗೆ, ನಿಜವಾಗಿ ಕೆಟ್ಟಿದೆಯೇ ಅಂತ ಪರೀಕ್ಷೆ ಮಾಡುವುದು ಕಷ್ಟವಲ್ಲ. 8 ಜಿಬಿಯ ಒಂದು ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ (ವಿಂಡೋಸಿನ ಬದಲು ಓಡುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್) ಬರೆದುಕೊಂಡು, ಆನ್ ಮಾಡುವಾಗ ಎಫ್12 ಒತ್ತಿ (ಕೆಲವು ಕಂಪನಿಗಳಲ್ಲಿ ಎಫ್9, ಕೆಲವದರಲ್ಲಿ ಎಸ್ಕೇಪ್) ಅದರಿಂದಲೇ ಮೆಷಿನ್ ಎಬ್ಬಿಸುವುದು. ಒಳಗಿನ ಡಿಸ್ಕನ್ನು ಮುಟ್ಟುವ ಗೋಜೇ ಇಲ್ಲ. ಎಬ್ಬಿಸಿದ್ದಾಯಿತು. ಒಂದೂವರೆ ನಿಮಿಷಕ್ಕೆ ಪರದೆ ಬಂತು. ವೈಫೈ ಸಿಕ್ಕಿತು, ವಿಡಿಯೋ ಓಡಿತು, ಕೀಬೋರ್ಡಿನ ಎಲ್ಲ ಕೀಲಿಯೂ ಕೆಲಸ ಮಾಡಿದವು. ಬೋರ್ಡು ಹೀಗೆ ಓಡುತ್ತಿದೆ ಅಂದಮೇಲೆ ನಿಧಾನಕ್ಕೆ ಕಾರಣ ಬೇರೆಲ್ಲೋ ಇರಬೇಕು.

ಆ ಕಾರಣ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ ಕೂತಿತ್ತು. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದರಲ್ಲಿ ನೋಡಬೇಕಾದ ಸಾಲು ಮೂರೇ: 5, 197, 198. ಐದನೆಯದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳ, ಅಂದರೆ ಡಿಸ್ಕಿನ ಸಣ್ಣ ತುಣುಕುಗಳ, ಎಣಿಕೆ. 197 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. 198 ಓದಲು ಆಗಲೇ ಇಲ್ಲ ಅಂತ ಕೈಬಿಟ್ಟವು. ಮೂರೂ ಸೊನ್ನೆ ಇರಬೇಕು. ಇಲ್ಲಿ ಐದರ ಮುಂದೆ 312, 197ರ ಮುಂದೆ 48. ಅಂಗಡಿಯವರು ಇದನ್ನು ತೆರೆದು ನೋಡಿದ್ದರೆ "ಡಿಸ್ಕ್ ಹೋಗ್ತಾ ಇದೆ, ಮೊದಲು ಡೇಟಾ ತೆಗೆದುಕೊಳ್ಳಿ" ಅನ್ನುವ ಒಂದು ಮಾತಾದರೂ ಹೇಳಬಹುದಿತ್ತು. ಹೊಸದು ಮಾರುವ ಅವಸರದಲ್ಲಿ ಹಳೆಯದರ ಹೊಟ್ಟೆಯಲ್ಲಿ ಏನಿದೆ ಅಂತ ಕೇಳುವವರೇ ಇಲ್ಲ.

ಅದರ ಹೊಟ್ಟೆಯಲ್ಲಿ ಇದ್ದದ್ದು ಹತ್ತು ವರ್ಷದ ಡೇರಿ ನಡಾವಳಿ. ತಿಂಗಳ ಆಡಳಿತ ಮಂಡಳಿ ಸಭೆ, ವಾರ್ಷಿಕ ಮಹಾಸಭೆ, ಷೇರುದಾರರ ಪಟ್ಟಿ, ಬೋನಸ್ ಹಂಚಿಕೆ. ಬೇರೆಲ್ಲೂ ಪ್ರತಿ ಇರಲಿಲ್ಲ. "ಪ್ರಿಂಟ್ ತೆಗ್ದು ಫೈಲಿಗೆ ಹಾಕಿದೀನಲ್ಲ" ಅಂದರು. ಆ ಫೈಲಿನಲ್ಲಿ ಇಲಿಗೂ ಪಾಲಿತ್ತು.

ಸಾಯುತ್ತಿರುವ ಡಿಸ್ಕಿನ ಮೇಲೆ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುವುದು ಜನ ಮಾಡುವ ಮೊದಲ ತಪ್ಪು. ಅದು ರಿಪೇರಿ ಮಾಡುತ್ತೇನೆ ಅಂತ ಅದೇ ಡಿಸ್ಕಿಗೆ ಬರೆಯುತ್ತದೆ. ಫೋಲ್ಡರುಗಳನ್ನು ಒಂದೊಂದಾಗಿ ಎಳೆದು ಕಾಪಿ ಮಾಡುವುದು ಎರಡನೆಯದು. ಕೆಟ್ಟ ಜಾಗ ಸಿಕ್ಕಾಗ ಕಾಪಿ ಅಲ್ಲೇ ನಿಂತು, ಡಿಸ್ಕಿನ ಓದುವ ಸೂಜಿ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಇದ್ದದ್ದನ್ನೂ ಹಾಳು ಮಾಡುವುದುಂಟು. ಡಿಸ್ಕು ಹೊರತೆಗೆದು, ಯುಎಸ್‌ಬಿ ಕೇಬಲ್ಲಿನಿಂದ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮಿನಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುವುದು ಸರಿಯಾದ ಕ್ರಮ. ಅದು ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಗುರುತು ಹಾಕಿ ದಾಟಿ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಆ ಗುರುತುಗಳಿಗೆ ಮಾತ್ರ ವಾಪಸು ಬರುತ್ತದೆ. ಗುರುತಿನ ಪಟ್ಟಿ, ಅಂದರೆ ಮ್ಯಾಪ್ ಫೈಲ್, ಕೊಡಲು ಮರೆತರೆ ಇದರ ಪ್ರಯೋಜನ ಅರ್ಧಕ್ಕರ್ಧ ಹೋಯಿತು. ಹನ್ನೊಂದೂಕಾಲಿಗೆ ಕರೆಂಟ್ ಹೋದಾಗ ಅದೇ ಪಟ್ಟಿ ಕೈಹಿಡಿಯಿತು. ಕರೆಂಟ್ ಬಂದಮೇಲೆ ನಿಂತಲ್ಲಿಂದಲೇ ಶುರುವಾಯಿತು. 500 ಜಿಬಿಗೆ ಒಟ್ಟು ಮೂರೂವರೆ ಗಂಟೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡದೆ ತಕ್ಷಣ ಆಫ್ ಮಾಡಿ, ಡೇಟಾ ತೆಗೆಯುವುದನ್ನೇ ಕಸುಬಾಗಿ ಮಾಡುವವರಿಗೆ ಕೊಡಬೇಕು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಒಳಗೆ ಹಿಡಿಯುವ ತೇವವೇ ಸಾಕು, ಉಳಿದದ್ದನ್ನೂ ಮುಗಿಸುತ್ತದೆ.

ಡಿಸ್ಕು ಹೊರತೆಗೆಯುವುದಕ್ಕೆ ಇಡೀ ತಳ ಬಿಚ್ಚಬೇಕಿತ್ತು. ಮೊದಲು ಬ್ಯಾಟರಿ ಕಳಚಿ, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿಕೊಳ್ಳಬೇಕು. ಹೊರಗೆ ಕಾಣುವ ಸ್ಕ್ರೂ ಹತ್ತು. ಇನ್ನೆರಡು ರಬ್ಬರ್ ಪಾದದ ಕೆಳಗೆ, ಒಂದು ಸಿಡಿ ಡ್ರೈವ್ ಎಳೆದಮೇಲೆ ಆ ಗೂಡಿನೊಳಗೆ. ಈ ಕೊನೆಯದು ಗೊತ್ತಿಲ್ಲದೆ ಬಲವಂತ ಮಾಡಿ ಮೂಲೆ ಮುರಿದಿಟ್ಟ ಲ್ಯಾಪ್‌ಟಾಪುಗಳು ಊರ ತುಂಬ ಸಿಗುತ್ತವೆ. ಹಾಳೆಯ ಮೇಲೆ ತಳದ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಯದೋ ಅಲ್ಲಿಗೇ ಸೆಲ್ಲೋಟೇಪಿನಿಂದ ಅಂಟಿಸಿಟ್ಟುಕೊಳ್ಳಿ. ಉದ್ದದ ಸ್ಕ್ರೂವನ್ನು ಗಿಡ್ಡ ತೂತಿಗೆ ಬಿಗಿದರೆ ಮೇಲೆ ಟಚ್‌ಪ್ಯಾಡ್ ಪಕ್ಕ ಗುಬುಟು ಏಳುತ್ತದೆ, ನಸೀಬು ಕೆಟ್ಟರೆ ಬೋರ್ಡಿಗೇ ಇರಿಯುತ್ತದೆ. ಅಂಚು ಬಿಡಿಸಲು ಚಾಕು ಬೇಡ, ಹಳೇ ಎಟಿಎಂ ಕಾರ್ಡ್ ಸಾಕು. ಕೀಬೋರ್ಡಿನ ಪಟ್ಟಿ ಕೇಬಲ್ಲನ್ನು ಎಳೆಯಬಾರದು. ಅದನ್ನು ಹಿಡಿದ ಸಣ್ಣ ರೆಪ್ಪೆಯನ್ನು ಉಗುರಿನಿಂದ ಮೇಲೆತ್ತಿದರೆ ಅದಾಗಿಯೇ ಈಚೆ ಬರುತ್ತದೆ.

ಪಡಿಯಚ್ಚು ಇಳಿಯುತ್ತಿದ್ದ ಹೊತ್ತಿನಲ್ಲಿ ಫ್ಯಾನ್ ಬಿಚ್ಚಲಾಯಿತು. ಅವರ ಮನೆಯ ಬೆನ್ನಿಗೇ ಆಲೆಮನೆ. ಕಬ್ಬಿನ ಸಿಪ್ಪೆಯ ನಾರು, ಬೂದಿ ಎಲ್ಲ ಸೇರಿ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿಯ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಹೊರಗಿನಿಂದ ಗಾಳಿ ಊದಿದರೆ ಇದು ಬರುವುದಿಲ್ಲ. ಫ್ಯಾನ್ ಕಳಚಿ ಚಿಮುಟದಲ್ಲೇ ಎತ್ತಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದಿರಬೇಕು, ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ, ಅಂದರೆ ಮೇಲೆ ಕೂತ ಲೋಹದ ತಟ್ಟೆಗೆ, ದಾಟಿಸುವ ಪೇಸ್ಟ್ ಒಣಗಿ ಗಾರೆಯಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಂದು ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಹೀಟ್‌ಸಿಂಕಿನ ಸ್ಕ್ರೂಗಳನ್ನು ಅದರ ಮೇಲೇ ಅಚ್ಚಾದ 1, 2, 3, 4ರ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಬೆಳಿಗ್ಗೆ ವಿಡಿಯೋ ಓಡುವಾಗ 93 ಡಿಗ್ರಿ ತೋರಿಸುತ್ತಿದ್ದದ್ದು ಸಂಜೆ 64ಕ್ಕೆ ಇಳಿದಿತ್ತು. ಬಿಸಿ ಏರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. "ಹಳೇದಾಗಿ ಸ್ಲೋ ಆಗಿದೆ" ಅನ್ನುವುದರ ಒಂದು ಪಾಲು ಬರೀ ಧೂಳು.

ಉಳಿದ ಪಾಲು ಡಿಸ್ಕಿನ ಲೆಕ್ಕ. ಇಂಥ ಡಿಸ್ಕು ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಸೂಜಿ ಜಾಗ ಹುಡುಕಿ, ಬೇಕಾದ ತುಣುಕು ತಿರುಗಿ ಬರುವವರೆಗೆ ಕಾಯುವುದು ಸೇರಿ ಸೆಕೆಂಡಿಗೆ ಅರವತ್ತು ಚಿಲ್ಲರೆ ಕಡೆಯಿಂದ ಓದಬಹುದು ಅಷ್ಟೆ. ಈಗಿನ ಒಂದು ಆಪರೇಟಿಂಗ್ ಸಿಸ್ಟಮ್ ಎದ್ದು ಕೂರುವಷ್ಟರಲ್ಲಿ ಸಾವಿರಾರು ಸಣ್ಣ ಸಣ್ಣ ಓದುಗಳನ್ನು ಕೇಳುತ್ತದೆ. ಚಿಪ್ಪಿನಲ್ಲೇ ಎಲ್ಲ ಉಳಿಸುವ ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಸಾಮಾನ್ಯದ್ದೂ ಸೆಕೆಂಡಿಗೆ ಹತ್ತಾರು ಸಾವಿರ ಓದು ಮುಗಿಸುತ್ತದೆ. ಹೀಗಾಗಿ 2015ರ ಮೆಷಿನ್ನಿಗೆ ಎಸ್‌ಎಸ್‌ಡಿ ಹಾಕುವುದನ್ನು "ಅಪ್‌ಗ್ರೇಡ್" ಅಂತ ಕರೆಯುವುದೇ ತಪ್ಪು. ಕಾರು ಕೊಟ್ಟು ಎತ್ತಿನಗಾಡಿ ಚಕ್ರ ಹಾಕಿ ಕಳಿಸಿದ್ದರು, ಈಗ ಟೈರ್ ಹಾಕಿದ್ದು ಅಷ್ಟೆ.

240 ಜಿಬಿ ಎಸ್‌ಎಸ್‌ಡಿಗೆ ಆಗ 1,900 ರೂಪಾಯಿ ಬಿತ್ತು. ಆನ್‌ಲೈನಿನಲ್ಲಿ ಸಾವಿರಕ್ಕೆ 1 ಟಿಬಿ ಅಂತ ಬರುವವುಗಳ ಡಬ್ಬಿ ಬಿಚ್ಚಿದರೆ ಒಳಗೆ ಒಂದು ಮೆಮೊರಿ ಕಾರ್ಡ್ ಇರುವುದುಂಟು, ಗಾತ್ರದ ಸಂಖ್ಯೆ ಸುಳ್ಳು. ಎಫ್3 ಅನ್ನುವ ಪುಕ್ಕಟೆ ಪ್ರೋಗ್ರಾಮ್ ಡಿಸ್ಕನ್ನು ಪೂರ್ತಿ ತುಂಬಿ ಮತ್ತೆ ಓದಿ ನೋಡಿ ನಿಜ ಗಾತ್ರ ಹೇಳುತ್ತದೆ. ರ‍್ಯಾಮ್ ವಿಷಯದಲ್ಲಿ ಒಂದು ಎಡವಟ್ಟು ಆಯಿತು. ಮೊದಲು ತಂದ ಸೆಕೆಂಡ್ ಹ್ಯಾಂಡ್ 4 ಜಿಬಿ ಪಟ್ಟಿ ಹಾಕಿದರೆ ಪರದೆ ಕಪ್ಪು. ಅದು 1.5 ವೋಲ್ಟಿನ ಡಿಡಿಆರ್3. ಈ ಪ್ರೊಸೆಸರಿಗೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. ಎರಡಕ್ಕೂ 204 ಪಿನ್ನು, ಕಚ್ಚೂ ಒಂದೇ ಕಡೆ. ಸ್ಲಾಟಿಗೆ ಸಲೀಸಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಚೀಟಿಯ ಮೇಲೆ "ಪಿಸಿ3" ಆದಮೇಲೆ "ಎಲ್" ಇದೆಯೇ ನೋಡಬೇಕು. ಬದಲಾಯಿಸಿ ತಂದದ್ದಕ್ಕೆ 700. ಬೋರ್ಡಿನ ಮೇಲಿನ ಗುಂಡಿ ಸೆಲ್ಲೂ ಸತ್ತಿತ್ತು, ಅದಕ್ಕೆ 40. ಆ ಸೆಲ್ ಸತ್ತರೆ, ಚಾರ್ಜರ್ ತೆಗೆದು ಬ್ಯಾಟರಿಯೂ ಖಾಲಿಯಾದಾಗಲೆಲ್ಲ ಗಡಿಯಾರ ಹಳೇ ವರ್ಷಕ್ಕೆ ಓಡುತ್ತದೆ. ತಾರೀಖು ತಪ್ಪಿದ ಮೆಷಿನ್ನಿನಲ್ಲಿ ಬ್ರೌಸರ್ ಬ್ಯಾಂಕಿನ ಸೈಟನ್ನೂ ನಂಬದೆ "ಸುರಕ್ಷಿತವಲ್ಲ" ಅನ್ನುತ್ತದೆ. ಜನ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಬೈಯುತ್ತಾರೆ.

ಈಗ ಯಾವ ಸಿಸ್ಟಮ್ ಹಾಕುವುದು ಅನ್ನುವ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಭದ್ರತೆಯ ತೇಪೆಯನ್ನು ಅಲ್ಲಿಂದ ಇನ್ನೊಂದು ವರ್ಷ ಕೊಡುವುದಾಗಿ ಹೇಳಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚೆಯದೇ ಆಗಬೇಕು. ಎಂಟನೆಯದು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಭದ್ರತೆಗೆ ಅಂತ ಕೊಡುವ ಕಾರಣದಲ್ಲಿ ಸತ್ಯವೂ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಎಮ್ಮೆ ಹಾಲು ಕೊಡುತ್ತಿರುವಾಗಲೇ ಕೊಟ್ಟಿಗೆಯ ಬಾಗಿಲು ಅಗಲ ಕಡಿಮೆ ಮಾಡಿ "ನಿನ್ನ ಎಮ್ಮೆ ಹಳೇದು" ಅಂದರೆ ರೈತ ಒಪ್ಪುತ್ತಾನೆಯೇ? ಯಂತ್ರ ಸವೆಯುವುದು ಒಂದು, ಅದಕ್ಕೆ ತಾರೀಖು ಹಾಕಿ ಮುಗಿಸುವುದು ಇನ್ನೊಂದು. ಎರಡಕ್ಕೂ "ಹಳೇದಾಯ್ತು" ಅನ್ನುವ ಒಂದೇ ಮಾತು ಬಳಸಿ ನಾವೇ ಮೋಸ ಹೋಗುತ್ತಿದ್ದೇವೆ.

ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿದ್ದು ಇಪ್ಪತ್ತು ನಿಮಿಷದ ಕೆಲಸ. ಹೊಸ ಸಿಸ್ಟಮ್ ಎದ್ದು ಬರಲು 19 ಸೆಕೆಂಡ್. ಕೆಲವು ಹಳೇ ಲ್ಯಾಪ್‌ಟಾಪುಗಳ ವೈಫೈ ಚಿಪ್ಪಿಗೆ ಡ್ರೈವರ್ ಮೊದಲಿಗೆ ಇರುವುದಿಲ್ಲ. ಆಗ ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್‌ನೆಟ್ ಬರುತ್ತದೆ, ಅದರಿಂದ ಡ್ರೈವರ್ ಇಳಿಸಿಕೊಳ್ಳಬಹುದು. ಸಿ, ಪೈಥಾನ್ ಕಲಿಯುವ ಹುಡುಗಿಗೆ ಇದು ಧಾರಾಳ ಸಾಕು. ಮಗಳು ಬಿ.ಕಾಂ. ಆಗಿದ್ದು ಲೆಕ್ಕಪತ್ರದ ಟ್ಯಾಲಿ ಬೇಕಿದ್ದರೆ ಈ ದಾರಿ ಹಿಡಿಯುತ್ತಿರಲಿಲ್ಲ. ಟ್ಯಾಲಿ ವಿಂಡೋಸಿನದು, ಇದರಲ್ಲಿ ನೇರವಾಗಿ ಓಡುವುದಿಲ್ಲ. ಬೆರಳಿನ ಗುರುತು ಓದುವ ಯಂತ್ರ, ಟೆಂಡರಿನ ಡಿಜಿಟಲ್ ಸಹಿ ಇಟ್ಟುಕೊಂಡವರೂ ಮೊದಲು ವಿಚಾರಿಸಿಯೇ ಇಳಿಯಬೇಕು.

ನಿಜವಾದ ತೊಡಕು ಎದುರಾದದ್ದು ಸಂಜೆ ಐದಕ್ಕೆ, ನಡಾವಳಿಯ ಫೈಲು ತೆರೆದಾಗ. ಪಡಿಯಚ್ಚಿನಿಂದ ಎಲ್ಲವೂ ಸರಿಯಾಗಿ ಬಂದಿತ್ತು. ತೆರೆದರೆ ಕನ್ನಡ ಅನ್ನುವ ಪದದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಗೀಟಿನ ಎ.

"ಅಯ್ಯೋ, ವೈರಸ್ ಹೊಡ್ದುಬುಡ್ತಾ?" ಅಂದರು ಕಾರ್ಯದರ್ಶಿ.

ವೈರಸ್ ಅಲ್ಲ, ಕನ್ನಡ ಟೈಪಿಸುವ "ನುಡಿ" ತಂತ್ರಾಂಶದ ಹಳೇ ಫಾಂಟು. ಆ ಕಾಲದ ಕನ್ನಡ ಫಾಂಟುಗಳು ಕನ್ನಡದ ಅಕ್ಷರವನ್ನು ಉಳಿಸುತ್ತಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದರು. ಪಿ ಅಂದರೆ ಕಕಾರದ ಒಡಲು, ಗೀಟಿನ ಎ ಅಂದರೆ ತಲೆಕಟ್ಟು. ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದಲ್ಲಿ ಕಸ. ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆಯದೇ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ಥಾನ 1991ರಿಂದಲೂ ಇದೆ, ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಫಾಂಟ್ ಬಂದಿತ್ತು. ಆದರೂ ಡಿಟಿಪಿ ಅಂಗಡಿಗಳು, ಕಚೇರಿಗಳು ಹಳೇ ಫಾಂಟನ್ನು ಬಹುಕಾಲ ಬಿಡಲಿಲ್ಲ. ಅದನ್ನು ಬರೀ ಸೋಮಾರಿತನ ಅನ್ನಲಾರೆ. ಪುಟ ಕಟ್ಟುವ ಹಳೇ ಸಾಫ್ಟ್‌ವೇರುಗಳಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ.

ಓದಲು ಮಾತ್ರವಾದರೆ ಪರಿಹಾರ ಸುಲಭ. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟುಗಳಲ್ಲಿ ನುಡಿಯವನ್ನು ಆರಿಸಿ ಹೊಸದಕ್ಕೆ ಹಾಕಿಕೊಂಡರೆ ಸಾಕು, ಕನ್ನಡ ಕಾಣುತ್ತದೆ. ಆದರೆ ಹುಡುಕಿದರೆ ಸಿಗುವುದಿಲ್ಲ, ವಾಟ್ಸ್‌ಆ್ಯಪಿಗೆ ಅಂಟಿಸಿದರೆ ಮತ್ತದೇ ಕಸ. ಅದಕ್ಕೆ ಯೂನಿಕೋಡಿಗೆ ತಿರುಗಿಸಲೇಬೇಕು. ಪುಕ್ಕಟೆ ಪರಿವರ್ತಕಗಳಿವೆ. ಅವು ತಪ್ಪುವುದು ಎರಡು ಕಡೆ. ಅಂಟಿಸಿದ ಪಠ್ಯದಲ್ಲಿ ಫಾಂಟಿನ ಸುಳಿವು ಇರುವುದಿಲ್ಲವಾದ್ದರಿಂದ ನಡುವೆ ಇಂಗ್ಲಿಷಿನಲ್ಲೇ ಬರೆದ ಎಸ್‌ಎನ್‌ಎಫ್ (ಹಾಲಿನ ಕೊಬ್ಬೇತರ ಘನಾಂಶ), ಬ್ಯಾಂಕಿನ ಕೋಡ್ ಇತ್ಯಾದಿಗಳನ್ನೂ ಕನ್ನಡ ಅಂದುಕೊಂಡು ತಿರುಗಿಸಿ ಯಾವ ಭಾಷೆಯದೂ ಅಲ್ಲದ ಪದ ಮಾಡುತ್ತವೆ. ಅಂಥ ಸಾಲುಗಳನ್ನು ಮೊದಲೇ ಬೇರೆ ಇಟ್ಟುಕೊಳ್ಳಬೇಕು. ಇನ್ನೊಂದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಈ ಅದಲುಬದಲು ಮಾಡದಿದ್ದರೆ ಸೂರ್ಯ "ಸೂಯರ್" ಆಗುತ್ತಾನೆ.

ಮೊದಲ ನಡಾವಳಿ ತಿರುಗಿಸಿ ಕಾರ್ಯದರ್ಶಿಯವರ ಮುಂದಿಟ್ಟಾಗ ಅವರು ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿಗೇ ಹೋದರು. ತಮ್ಮ ಹೆಸರಿನ ಕೆಳಗಿನ ಪದವನ್ನು ಬೆರಳಿಟ್ಟು ಓದಿದರು. "ಕಾಯರ್ದಶಿರ್. ಇದ್ಯಾವ ಹುದ್ದೆನಣ್ಣಾ?"

ಹುಡುಕಿ ಬದಲಿಸುವ ಪೆಟ್ಟಿಗೆ ತೆರೆದು ಮೇಲೆ "ಕಾಯರ್ದಶಿರ್", ಕೆಳಗೆ "ಕಾರ್ಯದರ್ಶಿ" ಹಾಕಿ ಎಲ್ಲವನ್ನೂ ಬದಲಿಸು ಅಂತ ಒತ್ತಿದ್ದು ಮಗಳು. ಆ ಒಂದು ವರ್ಷದ ಫೈಲಿನಲ್ಲೇ 214 ಕಡೆ ಬದಲಾಯಿತು. ಇನ್ನು ಒಂಬತ್ತು ವರ್ಷದವು ಬಾಕಿ. "ಮಾಕ್ರೋ ಬರೆದ್ರೆ ಒಂದೇ ಸಲ ಆಯ್ತದಲ್ವಾ?" ಅಂತ ಕೇಳಿ ಅವಳೇ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅಷ್ಟರಲ್ಲಿ ಸಂಜೆಯ ಹಾಲು ಅಳೆಯುವ ಹೊತ್ತಾಗಿತ್ತು, ಕಾರ್ಯದರ್ಶಿ ಬೈಕ್ ಹತ್ತಿದರು.