ಪ್ರೇಡಾದಿಂದ ಬೆರ್ಗ್ಯೂನ್‌ಗೆ ಜಾರಿಕೊಂಡು

ಜನವರಿಯಲ್ಲಿ ಬರ್ತೀನಿ ಅಂದಾಗ ಜ್ಯೂರಿಕ್‌ನಲ್ಲಿರುವ ಭಾವ "ಸ್ಕೀ ಎಲ್ಲ ನಿನ್ನ ಕೈಲಾಗಲ್ಲ, ಹಿಮದ ಮೇಲೆ ಸ್ಲೆಡ್ಜ್‌ನಲ್ಲಿ ಕೂತು ಜಾರೋಣ ಬಾ" ಅಂದಿದ್ದರು. ಹಾಗಾಗಿ ಸ್ವಿಟ್ಜರ್ಲೆಂಡಿನ ಬೆಟ್ಟದೂರು ಸೇಂಟ್ ಮೊರಿಟ್ಜ್‌ಗೆ ಹೋಗುವ ಕೆಂಪು ರೈಲಿನಿಂದ ಅರ್ಧ ದಾರಿಯಲ್ಲೇ, ಬೆರ್ಗ್ಯೂನ್ ಅನ್ನೋ ಹಳ್ಳಿಯಲ್ಲಿ ಇಳಿದೆವು.

ಅಲ್ಲಿಂದ ಮೇಲಕ್ಕೆ ಹೋಗುವ ಆಲ್ಬುಲಾ ಘಾಟಿ ರಸ್ತೆ ಚಳಿಗಾಲದಲ್ಲಿ ವಾಹನಗಳಿಗೆ ಬಂದ್. ಮರದ ಸ್ಲೆಡ್ಜ್ ಬಾಡಿಗೆಗೆ ತಗೊಂಡು ರೈಲಿನಲ್ಲಿ ಮೇಲೆ ಪ್ರೇಡಾಗೆ ಹೋಗೋದು, ಅದೇ ರಸ್ತೆಯಲ್ಲಿ ಸುಮಾರು 6 ಕಿಲೋಮೀಟರ್ ಜಾರಿಕೊಂಡು ಬರೋದು, ಮತ್ತೆ ರೈಲು ಹತ್ತೋದು. 400 ಮೀಟರ್ ಏರಲು ರೈಲು ಬೆಟ್ಟದೊಳಗೆ ಸುರುಳಿ ಸುತ್ತುತ್ತದೆ. ಕೆಳಗಿನ ಹಳ್ಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ರೈಲಿನಲ್ಲಿ ಭಾವ ಕಥೆ ಶುರು ಮಾಡಿದರು. 1864ರಲ್ಲಿ ಸೇಂಟ್ ಮೊರಿಟ್ಜ್‌ನ ಹೋಟೆಲ್ ಮಾಲೀಕ ಯೋಹಾನೆಸ್ ಬಾಡ್ರುಟ್, ಬೇಸಿಗೆಗೆ ಮಾತ್ರ ಬರುತ್ತಿದ್ದ ಇಂಗ್ಲಿಷರಿಗೆ "ಚಳಿಗಾಲದಲ್ಲಿ ಬನ್ನಿ, ಇಷ್ಟ ಆಗದಿದ್ದರೆ ದಾರಿ ಖರ್ಚು ನನ್ನದು" ಅಂತ ಬಾಜಿ ಕಟ್ಟಿದನಂತೆ. ಬಂದವರು ಈಸ್ಟರ್ ತನಕ ಹೊರಡಲೇ ಇಲ್ಲವಂತೆ. ಎಷ್ಟು ನಿಜವೋ, ಹೋಟೆಲ್‌ನವರ ಕಥೆ ಅಲ್ವಾ! ಆ ಶ್ರೀಮಂತರು ಬೀದಿಯಲ್ಲೇ ಸ್ಲೆಡ್ಜ್ ಬಿಟ್ಟು ಊರವರಿಗೆ ಕಾಟ ಕೊಟ್ಟು, ಕೊನೆಗೆ 1884-85ರ ಚಳಿಗಾಲದಲ್ಲಿ ಕ್ರೆಸ್ಟಾ ರನ್ ಅನ್ನೋ ಮಂಜುಗಡ್ಡೆಯ ಜಾರುದಾರಿ ಹುಟ್ಟಿತು. ತಲೆ ಮುಂದೆ ಮಾಡಿ ಮಲಗಿ ಜಾರುವ ಸ್ಕೆಲಿಟನ್ ಅನ್ನೋ ಆಟ 20ನೇ ಶತಮಾನದ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಎರಡೇ ಸಲ, 1928 ಮತ್ತು 1948. ಎರಡೂ ಸಲ ಕೂಟ ನಡೆದದ್ದು ಸೇಂಟ್ ಮೊರಿಟ್ಜ್‌ನಲ್ಲೇ! ಹೆಂಗಸರಿಗೆ ಮಾತ್ರ 1929ರಲ್ಲಿ ಕ್ರೆಸ್ಟಾ ಬಾಗಿಲು ಹಾಕಿದರು, ತೆರೆದದ್ದು 2018ರಲ್ಲಿ. ಇದನ್ನು ಕೇಳಿಸಿಕೊಂಡ ಅಕ್ಕ, ಪ್ರೇಡಾದಲ್ಲಿ ನಮಗೆ ಕಾಯದೆ ಹೊರಟೇಬಿಟ್ಟಳು.

ನನಗೆ ಬಾಡ್ರುಟ್‌ಗಿಂತ ಈ ರೈಲೇ ದೊಡ್ಡದು ಅನ್ನಿಸಿತು. ಚಿಕ್ಕಂದಿನಲ್ಲಿ ಮಲೆನಾಡಿನ ಅಜ್ಜನ ಮನೆಯಲ್ಲಿ ಅಡಿಕೆ ಹಾಳೆ ಮೇಲೆ ಕೂತು ಧರೆಯಿಂದ ಜಾರುತ್ತಿದ್ದೆವು. ಜಾರೋದು ಅರೆ ನಿಮಿಷ, ಹಾಳೆ ಎಳೆದುಕೊಂಡು ಮತ್ತೆ ಹತ್ತೋದೇ ಜಾಸ್ತಿ. ಹಿಮದಲ್ಲೂ ಅದೇ ಪಾಡು ತಾನೇ? ಮೊದಲ ಗಿರಾಕಿಗಳು ಕುದುರೆ ಗಾಡಿಯಲ್ಲಿ ಘಾಟಿ ದಾಟಿ ಬರಬೇಕಿತ್ತು. 1904ರಲ್ಲಿ ಈ ರೈಲು ಸೇಂಟ್ ಮೊರಿಟ್ಜ್ ಮುಟ್ಟಿತು, 1934ರಲ್ಲಿ ದಾವೋಸ್‌ನಲ್ಲಿ ಸ್ಕೀ ಹಾಕಿಕೊಂಡವರನ್ನು ಮೇಲಕ್ಕೆ ಎಳೆಯುವ ಲಿಫ್ಟ್ ಬಂತು. ಹತ್ತುವ ಕಷ್ಟ ತಪ್ಪಿದ ಮೇಲೆ ನಮ್ಮಂಥವರೂ ಬರತೊಡಗಿದರು.

ಹಿಮ್ಮಡಿ ಊರಿದರೆ ಅದೇ ಬ್ರೇಕ್. ಮೂರನೇ ತಿರುವಿನಲ್ಲಿ ನಾನು ಒಂದೇ ಕಾಲು ಊರಿದೆ. ಸ್ಲೆಡ್ಜ್ ಗಿರ್ರನೆ ತಿರುಗಿ, ನಾನು ಪಕ್ಕದ ಹಿಮದ ಗುಡ್ಡೆಯೊಳಗೆ ಸೊಂಟದವರೆಗೆ ಹೂತುಹೋದೆ. ಕಾಲರ್ ಒಳಗೆ ಇಳಿದ ಹಿಮ ಕರಗಿ ಬೆನ್ನಗುಂಟ ಹರಿಯಿತು. ಐದು ವರ್ಷದ ಪೋರನೊಬ್ಬ ಏನೋ ಕೂಗುತ್ತಾ ಸುಯ್ಯನೆ ದಾಟಿಹೋದ.

ಅವತ್ತು ನಾಲ್ಕು ಸಲ ಜಾರಿದೆವು. ನಾಲ್ಕನೇ ಸಲ ಭಾವ ಬರಲಿಲ್ಲ, ಸೊಂಟ ಹಿಡ್ಕೊಂಡಿತ್ತು.